ಪೆನ್ನಪ್ಪನ ರುಮಾಲಿನೊಳಗಿದ್ದ ಕಾಗದ

ಕಳೆದ ಮಂಗಳವಾರ ಒಂದು ಹುಡುಗಿಯ ಮುಖದ ಮೇಲೆ ಬಾಗಿಲು ಹಾಕಿದೆ.

ಪಾಪ, ಒಳ್ಳೆಯ ಹುಡುಗಿಯೇ ಇರಬೇಕು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಟ್ಯಾಬು. ‘ಸರ್ವೇಗೆ ಬಂದೀನಿ ಅಜ್ಜಿ’ ಅಂದಳು. ಮೊದಲು ನನ್ನ ಮೊಣಕಾಲು ನೋವು ವಿಚಾರಿಸಿದಳು. ಆಮೇಲೆ ಮನೆಯಲ್ಲಿ ಎಷ್ಟು ಜನ, ಮಗ ಎಲ್ಲಿ ಕೆಲಸ ಮಾಡುತ್ತಾನೆ, ಎಷ್ಟು ಹೊತ್ತಿಗೆ ಬರುತ್ತಾನೆ ಎಂದಳು. ಅಷ್ಟೇ. ಚಿಲಕ ಜಡಿದುಬಿಟ್ಟೆ.

ಸೊಸೆಗೆ ಸಿಟ್ಟು. ‘ಅತ್ತಿ, ನಿಮಗ ಎಲ್ಲಾರ ಮ್ಯಾಲೂ ಡೌಟು!’

ನಿಜ. ಯಾರಾದರೂ ಬೈದರೆ ನನಗೆ ಭಯವಿಲ್ಲ. ಪ್ರೀತಿಯಿಂದ ಪ್ರಶ್ನೆ ಕೇಳಿದರೆ ಭಯ. (ಫೋನು ಮಾಡಿ ನನ್ನ ಆರೋಗ್ಯ ವಿಚಾರಿಸುವ ಓದುಗರು ಬೇಸರಪಡಬೇಡಿ.) ಈ ಕಾಯಿಲೆ ಅಂಟಿಕೊಂಡಿದ್ದು ಎಂಟನೇ ವಯಸ್ಸಿನಲ್ಲಿ. ಇಷ್ಟು ವರ್ಷ ಮಗ-ಸೊಸೆಗೂ ಹೇಳಿಲ್ಲ. ಈಗ ಹೇಳದಿದ್ದರೆ ಇನ್ನು ಯಾವಾಗ ಹೇಳುವುದು?

ನಾನು ಬೆಳೆದದ್ದು ಬಳ್ಳಾರಿಯ ಒಂದು ಹತ್ತಿ ಮಿಲ್ಲಿನ ಲೈನಿನಲ್ಲಿ. ಕೌಲ್ ಬಜಾರಿನಿಂದ ನಡೆದೇ ಹೋಗಬಹುದಾದ ದೂರ. ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ. ನಮ್ಮ ದೊರೆಗಳೆಲ್ಲ ಮದ್ರಾಸಿನಲ್ಲಿದ್ದರು. ಒಂದಕ್ಕೊಂದು ಅಂಟಿಕೊಂಡ ಇಪ್ಪತ್ತು ಖೋಲಿಗಳು, ಎಲ್ಲರಿಗೂ ಒಂದೇ ನಲ್ಲಿ. ಮಿಲ್ಲು ಕೂಗಿದರೆ ಏಳಬೇಕು, ಮಿಲ್ಲು ಕೂಗಿದರೆ ಉಣ್ಣಬೇಕು. ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಅವ್ವ. ಹತ್ತಿ ಒತ್ತಿ ಅಂಡಿಗೆ ಕಟ್ಟುವ ಪ್ರೆಸ್ಸಿನಲ್ಲಿ ಅಪ್ಪ. ಹತ್ತಿಯ ಧೂಳು ರೊಟ್ಟಿಯ ಮೇಲೆ, ಕಣ್ಣಿನ ರೆಪ್ಪೆಯ ಮೇಲೆ, ಗಂಟಲಿನಲ್ಲಿ. ಎಲ್ಲ ಊರಿನ ಮಕ್ಕಳೂ ಹೀಗೇ ಕೆಮ್ಮುತ್ತಾರೆ ಅಂತ ತಿಳಿದಿದ್ದೆ.

ನನಗೆ ಎಂಟು ತುಂಬಿದ ವರ್ಷ ಜಿನ್ನಿನ ಬೆಲ್ಟಿಗೆ ಸಿಕ್ಕಿ ಒಬ್ಬ ಹೆಂಗಸಿನ ಮೂರು ಬೆರಳು ಹೋದವು. ಬೆಲ್ಟಿಗೊಂದು ಜಾಲರಿ ಹಾಕಿಸಿ ಅಂತ ನಮ್ಮವರು ಕೇಳಿದರು. ‘ಬೆರಳು ನೋಡಿಕೊಂಡು ಕೆಲಸ ಮಾಡಿ’ ಎಂದನಂತೆ ಮ್ಯಾನೇಜರ್. ಅಷ್ಟರಲ್ಲಿ ಮದ್ರಾಸಿನಿಂದ ಕಾರ್ಖಾನೆ ತಪಾಸಣೆಯ ಇನ್‌ಸ್ಪೆಕ್ಟರ್ ಬರುತ್ತಾರೆ ಅಂತ ಸುದ್ದಿ. ಅವರ ಕೈಗೇ ಒಂದು ಅರ್ಜಿ ಕೊಟ್ಟರೆ?

ಭಾನುವಾರ ಮಧ್ಯಾಹ್ನ ನಮ್ಮ ಖೋಲಿಯಲ್ಲಿ ‘ಭಜನೆ’ ಶುರುವಾಯಿತು. ತಾಳ ಇತ್ತು, ದೇವರ ಪಟ ಇತ್ತು. ಹಾಡು ಮಾತ್ರ ಇರಲಿಲ್ಲ. ಗಂಡಸರು ತಲೆ ತಲೆ ಸೇರಿಸಿ ಪಿಸುಗುಡುತ್ತಿದ್ದರು. ಯಾರಾದರೂ ಹೊಸಬರು ಹಾದುಹೋದರೆ ಅಪ್ಪ ನಾಲ್ಕು ಸಲ ತಾಳ ಬಡಿಯುತ್ತಿದ್ದ.

ಅರ್ಜಿ ಬರೆದವಳು ಹುಲಿಗೆಮ್ಮ. ಸಿರುಗುಪ್ಪದ ಕಡೆಯವಳು, ವಿಧವೆ. ಲೈನಿಗೆ ಬಂದು ಮೂರು ತಿಂಗಳಾಗಿತ್ತು. ಇಡೀ ಲೈನಿನಲ್ಲಿ ಚೆಂದಾಗಿ ಬರೆಯಲು ಬರುತ್ತಿದ್ದುದು ಅವಳೊಬ್ಬಳಿಗೇ. ಹೆಂಗಸರಿಗೆ ಅದೇ ಅನುಮಾನ. ‘ಓದಿದಾಕಿ ಇಲ್ಲಿ ಹತ್ತಿ ಆರಿಸಾಕ ಯಾಕ ಬಂದ್ಲು?’ ಅಂತ ನಲ್ಲಿಯ ಹತ್ತಿರ ಮಾತು.

ಅರ್ಜಿಗೆ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಹುಲಿಗೆಮ್ಮ ಸಹಿ ಹಾಕಿದಳು. ಸಾಹೇಬರ ಕೈಗೆ ಕೊಡುವ ಜವಾಬ್ದಾರಿ ಪಕ್ಕದ ಖೋಲಿಯ ಪೆನ್ನಪ್ಪನದು. ಅಪ್ಪನ ಜೀವದ ಗೆಳೆಯ. ಗೇಟಿನಲ್ಲಿ ಜೇಬು ತಡವುತ್ತಾರಲ್ಲ, ಕಾಗದ ಎಲ್ಲಿಡುವುದು? ಸಾಹೇಬರು ಬರುವ ಹಿಂದಿನ ದಿನ ಬೆಳಿಗ್ಗೆ ಅಪ್ಪ ಅದನ್ನು ಎಂಟು ಮಡಿಕೆ ಮಾಡಿ, ಹೇಗೆ ಕಾಣುತ್ತದೆ ಅಂತ ಪೆನ್ನಪ್ಪನ ತಲೆಯ ರುಮಾಲಿನೊಳಗೆ ಸುತ್ತಿ ನೋಡಿದ. ಒಂದು ಕಡೆ ಉಬ್ಬಿಕೊಂಡಿತು. ನಾನು ಬಿದ್ದು ಬಿದ್ದು ನಕ್ಕೆ.

‘ಯಾರ ಮುಂದೂ ಬಾಯಿ ಬಿಡಬ್ಯಾಡ ಗಂಗೀ’ ಅಂದ ಅಪ್ಪ.

ಮಿಲ್ಲಿನ ಗೇಟಿನ ಪಕ್ಕ, ನಮ್ಮವರ ಹಾಜರಿ ಬರೆಯುವ, ಮ್ಯಾನೇಜರನ ಕಡೆಯವನಾದ ಟೈಮ್‌ಕೀಪರನ ಮನೆ. ಹೆಂಚಿನ ಮನೆ. ಅವನ ಹೆಂಡತಿಗೆ ಮಕ್ಕಳಿರಲಿಲ್ಲ. ಅವತ್ತು ಸಂಜೆ ನನ್ನನ್ನು ಕರೆದು ಕೂರಿಸಿ, ಕೂದಲಿಂದ ಹತ್ತಿ ಎಳೆ ಬಿಡಿಸಿ, ಎಣ್ಣೆ ಹಚ್ಚಿ ಜಡೆ ಹಾಕಿದಳು. ಎರಡು ಶೇಂಗಾ ಉಂಡೆ ಕೊಟ್ಟಳು. ಹಿಂದೆಯೂ ಹಾಗೆ ಮಾಡಿದ್ದುಂಟು. ನನ್ನವ್ವನಿಗೆ ನನ್ನ ತಲೆ ಮುಟ್ಟಲು ಪುರುಸೊತ್ತೆಲ್ಲಿತ್ತು?

‘ನಿಮ್ಮನ್ಯಾಗ ಭಜನಿ ಜೋರಂತಲ್ಲವಾ?’

‘ಹಾಡೇ ಹಾಡಂಗಿಲ್ರಿ ಅಮ್ಮಾರೆ!’

‘ಹೌದಾ? ಮತ್ತೇನು ಮಾಡ್ತಾರ ಬಂಗಾರಿ?’

ಅವಳ ಬೆರಳು ನನ್ನ ಕೂದಲಲ್ಲಿ ಮೆಲ್ಲಗೆ ಆಡುತ್ತಿತ್ತು. ನನಗೆ ಅವಳನ್ನು ನಗಿಸಬೇಕಿತ್ತು. ‘ನಾಳೆ ಪೆನ್ನಪ್ಪ ಮಾವನ ರುಮಾಲು ನೋಡ್ರಿ, ಒಳಗ ಕೋಳಿ ತತ್ತಿ ಇಟ್ಟಂಗ ಕಾಣತೈತಿ’ ಅಂದೆ. ಅವಳು ನಕ್ಕಳು. ಎಷ್ಟು ಚೆನ್ನಾಗಿ ನಕ್ಕಳು ಗೊತ್ತಾ?

ಮರುದಿನ ಗೇಟಿನವನು ಪೆನ್ನಪ್ಪನ ಜೇಬು ಮುಟ್ಟಲಿಲ್ಲ. ನೇರವಾಗಿ ರುಮಾಲಿಗೇ ಕೈ ಹಾಕಿದ.

ಪೆನ್ನಪ್ಪನ ಕೆಲಸ ಅಲ್ಲೇ, ನಿಂತ ಕಾಲಲ್ಲೇ ಹೋಯಿತು. ಇನ್‌ಸ್ಪೆಕ್ಟರ್ ಮ್ಯಾನೇಜರನ ಬಂಗಲೆಯಲ್ಲಿ ಊಟ ಮಾಡಿ ಹೊರಟುಹೋದರು.

ಸಂಜೆ ನಲ್ಲಿಯ ಮುಂದೆ ಇಡೀ ಲೈನು ಸೇರಿತು. ಬರಿದಲೆಯ ಪೆನ್ನಪ್ಪ ನಡುವೆ ನಿಂತಿದ್ದ. ಅವನನ್ನು ರುಮಾಲಿಲ್ಲದೆ ನಾನು ನೋಡಿದ್ದು ಅದೇ ಮೊದಲು. ‘ನಮ್ಮಾಗ ಯಾರೋ ಹೇಳ್ಯಾರ’ ಅಂದ. ಅಷ್ಟು ಅಂದು ನಮ್ಮಪ್ಪನ ಮುಖವನ್ನೇ ನೋಡಿದ.

ನಾನು ಅವ್ವನ ಸೆರಗಿನ ಹಿಂದೆ ಸರಿದೆ. ಅಪ್ಪ ಒಮ್ಮೆ ನನ್ನನ್ನು ನೋಡಿದ. ಆಮೇಲೆ ಹೇಳಿದ:

‘ಅರ್ಜಿ ಬರದಾಕಿನ್ನ ಕೇಳ್ರಿ.’

ಅಷ್ಟು ಸಾಕಾಯಿತು. ಎಲ್ಲರೂ ಹುಲಿಗೆಮ್ಮನ ಕಡೆ ತಿರುಗಿದರು. ನಿನಗೆ ಒಂದೇ ದಿನದಲ್ಲಿ ಕೆಲಸ ಹೇಗೆ ಸಿಕ್ಕಿತು? ವಾರವಾರ ಯಾರಿಗೆ ಕಾಗದ ಬರೆಯುತ್ತೀ? ಅರ್ಜಿಯಲ್ಲಿ ನಿನ್ನ ಸಹಿ ಇದ್ದರೂ ನಿನ್ನನ್ನು ಯಾಕೆ ತೆಗೆಯಲಿಲ್ಲ?

‘ನಿಮ್ಮ ಹೆಬ್ಬೆಟ್ಟೂ ಅದಾವಲ್ಲ, ನಿಮ್ಮನ್ಯಾಕ ತೆಗೀಲಿಲ್ಲ?’ ಅಂದಳು ಅವಳು.

 ಅವಳ ಮಾತು ಯಾರಿಗೆ ಬೇಕಿತ್ತು? ಪೆನ್ನಪ್ಪನ ಹೆಂಡತಿ ಲೈನಿನ ಮಕ್ಕಳನ್ನೆಲ್ಲ ಮುಂದೆ ಎಳೆದಳು. ‘ಈಕಿ ಟೈಮ್‌ಕೀಪರ್ ಮನಿಗೆ ಹೋಗಿದ್ದು ಯಾರರ ನೋಡೀರೇನು?’

ನಾನು ಗೋಣು ಹಾಕಿದೆ. ಹೌದು, ನೋಡಿದ್ದೇನೆ ಅಂತ.

ಯಾರೂ ನನ್ನನ್ನು ಒತ್ತಾಯ ಮಾಡಿರಲಿಲ್ಲ. ತಪ್ಪಿಸಿಕೊಳ್ಳುವ ದಾರಿ ಕಂಡಿತು, ಹೊಕ್ಕೆ. ಹುಲಿಗೆಮ್ಮ ನನ್ನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಸ್ವಲ್ಪ ಹೊತ್ತು ಏನನ್ನೋ ಕಾಯುವವಳಂತೆ ನಿಂತಳು. ಮಾರನೆಯ ದಿನ ಟ್ರಂಕು ತಲೆಯ ಮೇಲಿಟ್ಟುಕೊಂಡು ಹೊರಟಳು. ನಲ್ಲಿಯಲ್ಲಿ ಅವಳಿಗೆ ಒಂದು ಕೊಡ ನೀರನ್ನೂ ಯಾರೂ ಬಿಡಲಿಲ್ಲ. ಪೆನ್ನಪ್ಪ ಬ್ರೂಸ್‌ಪೇಟೆಯಲ್ಲಿ ಮೂಟೆ ಹೊರಲು ಹೋದ. ನಮ್ಮ ಮನೆಗೆ ಬರುವುದನ್ನು ಬಿಟ್ಟ.

ಭಜನೆಯೂ ನಿಂತಿತು. ಆಮೇಲಿಂದ ಲೈನಿನಲ್ಲಿ ಪ್ರತಿಯೊಬ್ಬರಿಗೂ ಪ್ರತಿಯೊಬ್ಬರ ಮೇಲೂ ಕಣ್ಣು. ಯಾರ ಮನೆಯಲ್ಲಿ ಒಗ್ಗರಣೆ ವಾಸನೆ ಜೋರಾದರೂ ‘ಎಲ್ಲಿಂದ ಬಂತು?’ ಅಂತ ಪಿಸುಮಾತು. ಮ್ಯಾನೇಜರನಿಗೆ ಇನ್ನೊಬ್ಬ ಗೂಢಚಾರ ಬೇಕಾಗಲೇ ಇಲ್ಲ.

ಐದಾರು ವರ್ಷ ಕಳೆದವು. ಸ್ವಾತಂತ್ರ್ಯ ಬಂದಿತ್ತು, ನಾನು ಲಂಗದಾವಣಿಗೆ ಬಂದಿದ್ದೆ. ಚಿಕ್ಕಮ್ಮನ ಮಗಳ ಮದುವೆಗೆ ಅವ್ವನ ಜೊತೆ ಕುರುಗೋಡಿಗೆ ಹೋದೆ. ಅಲ್ಲೊಂದು ಜಗಲಿಯ ಮೇಲೆ ಕೂತು ಯಾರಿಗೋ ಕಾಗದ ಬರೆದುಕೊಡುತ್ತಿದ್ದಳು ಹುಲಿಗೆಮ್ಮ. ಓಡಿಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅವಳೇ ತಲೆ ಎತ್ತಿದಳು.

‘ಪ್ರೆಸ್ಸಿನವನ ಮಗಳಲ್ಲೇನು? ಬಾ ಇಲ್ಲಿ.’

ಹೋಗಿ ನಿಂತೆ. ನಾಲ್ಕು ಮಾತಿನಲ್ಲಿ ಎಲ್ಲ ಹೇಳಿ ಅತ್ತುಬಿಟ್ಟೆ. ಅವಳು ಸಮಾಧಾನ ಮಾಡಲಿಲ್ಲ.

‘ನನಗ ಅವತ್ತೇ ಗೊತ್ತಿತ್ತು. ಹಿಂದಿನ ದಿನ ಸಂಜಿ ನೀ ಆ ಮನಿಯಿಂದ ಉಂಡಿ ತಿನಕೋತ ಬರೋದು ನೋಡಿದ್ದೆ.’

‘ಮತ್ತ ಯಾಕ ಹೇಳಲಿಲ್ಲ ಅಕ್ಕಾ?’

‘ಎಂಟು ವರ್ಷದ ಕೂಸಿನ ಕಡೆ ಬೆರಳು ತೋರಿಸ್ಲೇನು? ದೊಡ್ಡವರು ಹೇಳ್ತಾರಂತ ಕಾದೆ. ನಿಮ್ಮಪ್ಪ ನನ್ನ ಸುದ್ದಿ ತಗಿಯೋಕಿಂತ ಮುಂಚೆ ನಿನ್ನ ಮಾರಿ ನೋಡಿದ. ಅವನ್ನ ಕೇಳು ಹೋಗು.’

ಊರಿಗೆ ಬಂದ ದಿನವೇ ಕೇಳಿದೆ. ಅಪ್ಪ ಬೀಡಿ ಆರಿಸಿದ.

‘ರುಮಾಲು ಸುತ್ತುವಾಗ ಖೋಲಿಯಾಗ ಇದ್ದವರು ಮೂರೇ ಮಂದಿ. ನಾನು, ಪೆನ್ನಪ್ಪ, ನೀನು. ಆ ಮಾತು ಹುಲಿಗೆಮ್ಮಗ ಗೊತ್ತೇ ಇರಲಿಲ್ಲ.’

‘ಗೊತ್ತಿದ್ದೂ ಆಕಿ ಮ್ಯಾಲೆ ಹಾಕಿದ್ಯಾ?’

‘ನಿನ್ನ ಹೆಸರು ಬಂದಿದ್ರ, ಅಪ್ಪನೇ ಮಗಳ ಕೈಲೆ ಹೇಳಿಸ್ಯಾನ ಅಂತಿದ್ರು. ಪೆನ್ನಪ್ಪ ನನ್ನ ಹೆಂಗ ನೋಡಿದ, ನೀ ನೋಡಲಿಲ್ಲೇನು? ನಿನ್ನ ಸಲುವಾಗಿ ಹೇಳಿದೆ ಗಂಗೀ.’

ನನ್ನ ಸಲುವಾಗಿ. ಅಪ್ಪ ಸಾಯುವತನಕ ಅದನ್ನೇ ಹೇಳಿದ. ನಾನೂ ನಂಬಿದಂತೆ ಗೋಣು ಹಾಕುತ್ತಿದ್ದೆ.

ಅವತ್ತು ಅಪ್ಪ ಉಳಿಸಿದ್ದು ನನ್ನನ್ನೋ, ತನ್ನನ್ನೋ?