ಎಲೆಯ ಮುಂದಿನಿಂದ ಎದ್ದವಳು

ನನ್ನ ಹೆಂಡತಿಯನ್ನು ಊಟದ ಎಲೆಯ ಮುಂದಿನಿಂದ ಎಬ್ಬಿಸಿದ್ದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಕೈ ಮಾಡಿ ಮುಗಿಸಿಬಿಡುತ್ತಿದ್ದೆ. ಎಬ್ಬಿಸಿದವನು ಅವಳ ಒಡಹುಟ್ಟಿದ ಅಣ್ಣ, ಧನಗೆರೆಯ ನಂಜಯ್ಯ. ಅದಕ್ಕೇ ಹೊಟ್ಟೆಯಲ್ಲಿಟ್ಟುಕೊಂಡು ಕಾದೆ.

ನನ್ನ ಹೆಂಡತಿ ಮಹದೇವಿ ಲೊಕ್ಕನಹಳ್ಳಿ ಸ್ಕೂಲಿನಲ್ಲಿ ಬಿಸಿಯೂಟ ಬೇಯಿಸುವವಳು. ಮಕ್ಕಳು ಉಂಡು, ಮೇಷ್ಟ್ರುಗಳು ಉಂಡು, ಆಮೇಲೆ ತಳದಲ್ಲಿ ಉಳಿದದ್ದನ್ನು ಬಳಿದು ತಿನ್ನುವುದು ಅವಳ ಅಭ್ಯಾಸ. ಮನೆಯಲ್ಲೂ ಹಾಗೇ. ನಾನು ಗೂಡ್ಸ್ ಗಾಡಿಯಲ್ಲಿ ಹನೂರು, ಕೊಳ್ಳೇಗಾಲ ಸುತ್ತಿ ಎಷ್ಟು ಹೊತ್ತಿಗೆ ಬಂದರೂ ನನಗೆ ಮುದ್ದೆ ಹಾಕಿಯೇ ಅವಳು ಕೂರುವುದು. ಬೈದರೂ ಕೇಳುವುದಿಲ್ಲ. ನಮಗೆ ಮಕ್ಕಳಾಗಲಿಲ್ಲ. ನಂಜಯ್ಯನ ಹೆಂಡತಿ ಬಾಣಂತನದಲ್ಲೇ ತೀರಿಕೊಂಡಾಗ ಕೂಸನ್ನು ಸೆರಗಿನಲ್ಲಿ ಸುತ್ತಿ ಎತ್ತಿಕೊಂಡು ಬಂದವಳು ಇವಳೇ. ಆ ಕೂಸೇ ಸಿಂಧು. ಹೈಸ್ಕೂಲಿಗೆ ಸೇರುವ ತನಕ ನಮ್ಮ ಮನೆಯಲ್ಲೇ ಬೆಳೆಯಿತು.

ಸಿಂಧು ಮದುವೆಯಾಗಿ ಧನಗೆರೆಯಲ್ಲಿ ಬೀಗರೂಟ ಇಟ್ಟುಕೊಂಡಿದ್ದರು. ಮದುವಣಗಿತ್ತಿಯೇ ತನ್ನನ್ನು ಸಾಕಿದ ಸೋದರತ್ತೆಯ ಕೈ ಹಿಡಿದು ಎಳೆದುಕೊಂಡು ಹೋಗಿ ಮೊದಲ ಪಂಕ್ತಿಯಲ್ಲಿ ಕೂರಿಸಿದಳು. ಮಹದೇವಿ ಮುದ್ದೆ ಮುರಿದು, ಸಾರಿಗೆ ಅದ್ದಿ, ಎರಡು ತುತ್ತು ನುಂಗಿದ್ದಳೋ ಇಲ್ಲವೋ, ಗಂಡಿನ ಕಡೆಯ ಇನ್ನೊಂದು ಕಾರು ಬಂತು. ಅದರೊಳಗಿಂದ ಯಳಂದೂರಿನ ಯಾವನೋ ದೊಡ್ಡ ಮನುಷ್ಯ ಇಳಿದ. ನಂಜಯ್ಯ ಪಂಕ್ತಿಯ ಉದ್ದಕ್ಕೂ ಕಣ್ಣಾಡಿಸಿಕೊಂಡು ಬಂದು ಸೀದಾ ತಂಗಿಯ ಮುಂದೆ ನಿಂತ.

"ಏಳವ್ವ ಮಾದೇವಿ. ಬೀಗ್ರು ನಿಂತವ್ರೆ. ನೀನು ಮನೆಯೋಳು, ಆಮೇಲೆ ಉಂಡ್ರಾಯ್ತದೆ."

ಅವಳು ಎದ್ದಳು. ಅವಳ ಎಲೆಯನ್ನು ಮಡಚಿ ಎಸೆದು ಆ ಜಾಗಕ್ಕೆ ಹೊಸ ಎಲೆ ಹಾಕಿದರು. ನಾನು ಎದುರು ಸಾಲಿನಿಂದ ಎದ್ದು ಬಂದವನು ನಂಜಯ್ಯನ ಕುತ್ತಿಗೆಗೇ ಕೈ ಹಾಕುವುದರಲ್ಲಿದ್ದೆ. ಮಹದೇವಿ ನನ್ನ ತೋಳು ಹಿಡಿದು, ಕೂಸಿನ ಮದುವೆ ಕೆಡಿಸಬೇಡ ಎಂದು ಹೊರಗೆ ಕರೆದುಕೊಂಡು ಬಂದಳು.

ನಮ್ಮಲ್ಲಿ ಕೈ ಇಟ್ಟ ಎಲೆಯಿಂದ ಶತ್ರುವನ್ನೂ ಎಬ್ಬಿಸುವುದಿಲ್ಲ. ಎಬ್ಬಿಸಿದರೆ, ಎಬ್ಬಿಸಿದವನೇ ಮನೆಯ ತನಕ ಬಂದು ಕರೆಯಬೇಕು, ತನ್ನ ಕೈಯಾರೆ ಎಲೆ ಹಾಕಿ ಬಡಿಸಬೇಕು. ಅಲ್ಲಿಯವರೆಗೆ ಆ ಮನೆಯ ನೀರೂ ಮುಟ್ಟುವಂತಿಲ್ಲ. ಮಹದೇವಿ ಮುಟ್ಟಲಿಲ್ಲ. ತವರಿನಲ್ಲಿ ಹಬ್ಬ ಆದಾಗಲೆಲ್ಲ ಅವಳು ಧನಗೆರೆಯ ದಿಕ್ಕಿಗೆ ಬೆನ್ನು ಹಾಕಿ ಕೂತು ಸೊಪ್ಪು ಬಿಡಿಸುವುದನ್ನು ನಾನು ನೋಡಿದ್ದೇನೆ. ನಂಜಯ್ಯ ಮಾತ್ರ ಬರಲಿಲ್ಲ. ಮನೆಯವಳನ್ನು ಕರೆಯುವುದೇನು ಬಂತು ಎಂದು ಸತ್ತೇಗಾಲದ ಬಸ್ಸಿನಲ್ಲಿ ಯಾರ ಹತ್ತಿರವೋ ನಕ್ಕನಂತೆ.

ಸಿಂಧುವಿನ ಗಂಡ ಮಣಿಕಂಠನಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ಕೆಲಸವಾಯಿತು. ಆ ಹುಡುಗಿ ಒಂದು ದಿನ ಫೋನ್ ಮಾಡಿ, ಅಪ್ಪನನ್ನು ಕರೆಸಿಕೊಳ್ಳುತ್ತಿದ್ದೇನೆ, ಅತ್ತೆ ಮಾವ ನೀವೂ ಬರಬೇಕು ಎಂದು ಹಠ ಹಿಡಿದಳು. ಅಪ್ಪನಿಗೆ ಗಾಡಿ ಬಿಡಲು ಬರುವುದಿಲ್ಲ, ಕನ್ನಡ ಬಿಟ್ಟು ಬೇರೆ ಮಾತು ಬರುವುದಿಲ್ಲ ಎಂದಳು. ಮಹದೇವಿ ಸಿಂಧುವನ್ನು ನೋಡುವ ಆಸೆಗೆ ಹೊರಟಳು. ನಾನು ಹೊರಟಿದ್ದು ಬೇರೆ ಲೆಕ್ಕಕ್ಕೆ. ಸುತ್ತ ನೀರು, ನಡುವೆ ನಂಜಯ್ಯ, ಸ್ಟೇರಿಂಗ್ ನನ್ನ ಕೈಯಲ್ಲಿ. ಇಂಥ ಅವಕಾಶ ಕೊಳ್ಳೇಗಾಲದಲ್ಲಿ ಸಿಗುತ್ತದೆಯೇ?

ಸಿಂಧು ನಮ್ಮ ಮೂವರನ್ನು ಹಡಗು ಹತ್ತಿಸಿ ಒಂದು ಚಿಕ್ಕ ದ್ವೀಪಕ್ಕೆ ಕಳಿಸಿದಳು. ಅವರಿಬ್ಬರಿಗೂ ರಜೆ ಇರಲಿಲ್ಲ. ಅಲ್ಲಿ ನಮಗೊಂದು ಹಳೆಯ ಬಾಡಿಗೆ ಜೀಪು. ಎರಡನೇ ಗೇರ್ ಹಾಕಿದರೆ ಕೈಯಲ್ಲಿ ಹಿಡಿದೇ ಇರಬೇಕು, ಬಿಟ್ಟರೆ ಆಚೆ ಜಿಗಿಯುತ್ತಿತ್ತು. ಮಹದೇವಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ, ನಂಜಯ್ಯನನ್ನು ಹಿಂದೆ ಸ್ಟೆಪ್ನಿಯ ಪಕ್ಕ. ಗುಂಡಿ ಕಂಡ ಕಡೆ ನಾನು ಬ್ರೇಕ್ ಹಿಡಿಯಲಿಲ್ಲ. ಹಿಂದಿನಿಂದ ತಲೆ ಟಾಪಿಗೆ ಬಡಿದ ಸದ್ದು ಕೇಳಿದಾಗ ಮಾತ್ರ, ಭಾವ, ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುತ್ತಿದ್ದೆ.

ಸಮುದ್ರ ಕಂಡು ಮಹದೇವಿ ಬೊಗಸೆಯಲ್ಲಿ ನೀರು ಮೊಗೆದು ಚೆಲ್ಲಿದಳು. ಆಮೇಲೆ, "ಇಷ್ಟು ನೀರಿದ್ದೂ ಒಂದು ಗುಟುಕು ಕುಡಿಯಂಗಿಲ್ವಲ್ಲ" ಅಂದಳು. ಅಣ್ಣನ ಕಡೆ ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಮದುರೆ ಕಡೆಯ ಒಬ್ಬ ಹೆಂಗಸಿನ ಹೋಟೆಲು ಸಿಕ್ಕಿತು. ನಮ್ಮ ಕಡೆ ಸಂತೆಯಲ್ಲಿ ಅರ್ಧ ವ್ಯಾಪಾರ ತಮಿಳಿನಲ್ಲೇ, ಹಾಗಾಗಿ ನನಗೆ ಮಾತಿಗೆ ಕಷ್ಟವಾಗಲಿಲ್ಲ. ಮೊದಲ ಎಲೆ ನನ್ನ ಹೆಂಡತಿಗೆ, ಕಡೆಯ ಎಲೆ ಹಿಂದೆ ಕೂತಿರುವ ಯಜಮಾನರಿಗೆ ಎಂದು ಹೇಳಿದೆ. ಮಹದೇವಿ ಬಾಣಲೆಯಿಂದ ಇಳಿದ ಬಿಸಿ ಬಿಸಿ ಮೀನನ್ನು ಬೆರಳು ಸುಟ್ಟುಕೊಂಡು ತಿಂದಳು. ಹೀಗೆ ಬಿಸಿಯಾಗಿ ತಿಂದದ್ದು ನೆನಪೇ ಇಲ್ಲ ಎಂದಳು. ನಂಜಯ್ಯನ ಎಲೆಗೆ ಬರುವ ಹೊತ್ತಿಗೆ ದೊಡ್ಡ ತುಂಡುಗಳು ಮುಗಿದು ತಲೆ ಬಾಲ ಉಳಿದಿದ್ದವು.

ಸಂಜೆ ಜೀಪನ್ನು ನೀರಿನ ಅಂಚಿಗೆ ಬಿಡು ಎಂದು ಅವನೇ ಅಪ್ಪಣೆ ಕೊಟ್ಟ. ಚಕ್ರ ಹೂತುಹೋಗುತ್ತದೆ ಎಂದು ಗೊತ್ತಿದ್ದೂ ಬಿಟ್ಟೆ. ಹೂತಿತು. ಬಿಳಿ ಪಂಚೆ ಎತ್ತಿ ಕಟ್ಟಿ, ಮಂಡಿಯವರೆಗೆ ನೀರಿನಲ್ಲಿ ನಿಂತು ನಂಜಯ್ಯ ತಳ್ಳಿದ. ನಾನು ಆಕ್ಸಿಲರೇಟರ್ ಒತ್ತಿ ಅವನ ಮುಖಕ್ಕೆ ಮರಳು ಹಾರಿಸಿದೆ. ಮನಸ್ಸಿಗೆ ತಂಪಾಯಿತು, ಆದರೆ ಸಾಲಲಿಲ್ಲ.

ಮಾರನೇ ದಿನ ಸೋಮವಾರ. ನಾವು ಎರಡೂ ಮನೆಯವರು ಮಾದಪ್ಪ ದೇವರ ಒಕ್ಕಲು, ಸೋಮವಾರ ಮೀನು ಮಾಂಸ ಬೇಯಿಸಿದ ಪಾತ್ರೆಯ ಅನ್ನವನ್ನೂ ಮುಟ್ಟುವುದಿಲ್ಲ. ಬೆಳಿಗ್ಗೆ ನಂಜಯ್ಯ ಇನ್ನೂ ಲಾಡ್ಜಿನಲ್ಲಿ ಮಲಗಿದ್ದಾಗ ನಾನೂ ಮಹದೇವಿಯೂ ಬಾಳೆಹಣ್ಣು, ಎಳನೀರು ಮುಗಿಸಿದೆವು. ಅಣ್ಣನಿಗೂ ತೆಗೆದುಕೋ ಎಂದಳು. ಆಗಲೇ ಕೊಟ್ಟಿದ್ದೇನೆ ಎಂದು ಸುಳ್ಳು ಹೇಳಿದೆ. ಅವನು ಎದ್ದ ಕೂಡಲೇ ಹೊತ್ತಾಯಿತೆಂದು ಜೀಪು ಹತ್ತಿಸಿ, ಬಿಸಿಲೇರುವ ತನಕ ದ್ವೀಪ ಸುತ್ತಿಸಿದೆ. ಹೋಟೆಲು ಕಂಡಲ್ಲೆಲ್ಲ ನಿಲ್ಲಿಸಿದೆ. ಎಲ್ಲ ಕಡೆಯೂ ಮೀನು. ಬೇರೆ ಪಾತ್ರೆಯಲ್ಲಿ ಒಂದು ಹಿಡಿ ಅನ್ನ ಕೇಳಪ್ಪ ಎಂದು ಅವನು ಎರಡು ಸಲ ಬೇಡಿದ. ಕೇಳಿದ್ದರೆ ಕೊಡುತ್ತಿದ್ದರು. ನಾನು ಕೇಳಲಿಲ್ಲ.

ಕಡೆಗೆ ಮದುರೆ ಹೆಂಗಸಿನ ಹೋಟೆಲಿಗೇ ಬಂದೆವು. ಆಕೆಗೆ ಹಿಂದಿನ ದಿನವೇ ಹೇಳಿಟ್ಟಿದ್ದೆ. ಹೊಸ ಮಡಕೆ, ಅಕ್ಕಿ, ಬೇಳೆ ತೆಗೆದಿಟ್ಟಿದ್ದಳು. ಮಹದೇವಿ ಸೆರಗು ಕಟ್ಟಿ ತಾನೇ ಒಲೆ ಮುಂದೆ ನಿಂತಳು. ಒಗ್ಗರಣೆಯ ವಾಸನೆಗೆ ನಂಜಯ್ಯನ ಕಣ್ಣು ಒಲೆ ಬಿಟ್ಟು ಕದಲಲಿಲ್ಲ. ಅನ್ನ ಬಸಿದು ಇಳಿಸಿದ್ದೇ ತಡ, ನಾನು ಎಲೆ ತಂದು ಅವನ ಕೈಗೆ ಹಿಡಿಸಿದೆ.

"ಭಾವ, ಇದ ನಿಮ್ಮ ತಂಗಿಗೆ ಆಕಿ. ನೀವೇ ಬಡ್ಸಿ. ಆಮೇಲೆ ನಿಮ್ಗೆ ಅನ್ನ."

"ಏನ್ಲಾ ಕುಮಾರ ಇದು, ಇಲ್ಲಿ ಬಂದು..."

"ಇಲ್ಲೇ. ಇಲ್ದಿದ್ರೆ ಊರ್ಗೋಗಿ ಉಣ್ಣಿ."

ಅವನು ಮಡಕೆಯ ಕಡೆ ಒಂದು ಸಲ ನೋಡಿದ. ಬಗ್ಗಿ ಎಲೆಯನ್ನು ನೆಲದ ಹತ್ತಿರ ತಂದಿದ್ದ. ಇನ್ನೊಂದು ಗೇಣು ಇಳಿದಿದ್ದರೆ ನನ್ನ ಹಗೆ ತೀರುತ್ತಿತ್ತು.

ಮಹದೇವಿ ಬಂದು ಆ ಎಲೆಯನ್ನು ಅವನ ಕೈಯಿಂದ ಕಿತ್ತುಕೊಂಡಳು. ಅವನ ಮುಂದೆಯೇ ಹಾಸಿದಳು, ನೀರು ಚಿಮುಕಿಸಿದಳು, ಅನ್ನ ಹಾಕಿ ಸಾರು ಬಿಟ್ಟಳು.

"ಅಸ್ಕೊಂಡಿರೋನ ಕೈಲಿ ಬಡಿಸ್ಕಂಡು ನಾನು ಉಣ್ಣಕಿಲ್ಲ," ಅಂದಳು ನನಗೆ. ಆಮೇಲೆ ಅಣ್ಣನಿಗೆ, "ಉಣ್ಣು. ನಿನ್ನ ಒಟ್ಟೆ ತುಂಬಿರೋ ದಿನ, ನಿನ್ನ ಮನೇಲಿ ಎಲೆ ಆಕು. ಬತ್ತಿನಿ."

ನಂಜಯ್ಯ ತಲೆ ತಗ್ಗಿಸಿ ಉಂಡ. ಮೂರು ಸಲ ಅನ್ನ ಹಾಕಿಸಿಕೊಂಡ. ಕೈ ತೊಳೆದು ಬಂದು, ಉಪ್ಪು ವಸಿ ಕಮ್ಮಿಯಾಗಿತ್ತು ಎಂದ. ಹಡಗು ಹತ್ತುವ ತನಕ ನಾನು ಹೆಂಡತಿಯ ಹತ್ತಿರ ಮಾತಾಡಲಿಲ್ಲ. ಸಿಕ್ಕಿದ್ದ ಬೇಟೆಯನ್ನು ಬಿಟ್ಟುಕೊಟ್ಟವಳು ಎಂಬ ಸಿಟ್ಟು.

ಊರಿಗೆ ಬಂದ ಮೇಲೆ ನಂಜಯ್ಯನ ತೋಟದ ಎಳನೀರು ಲೋಡನ್ನು ನನ್ನ ಗಾಡಿಗೆ ಹತ್ತಿಸಿಲ್ಲ, ಕೊಳ್ಳೇಗಾಲ ಸ್ಟ್ಯಾಂಡಿನ ಬೇರೆ ಗಾಡಿಯವರೂ ಹತ್ತಿಸದ ಹಾಗೆ ನೋಡಿಕೊಂಡಿದ್ದೇನೆ. ಈ ವರ್ಷ ಸಿಂಧು ಹೆರಿಗೆಗೆ ಧನಗೆರೆಗೆ ಬಂದಳು, ಹೆಣ್ಣು ಕೂಸು. ನಾಮಕರಣಕ್ಕೆ ಬಂದುಬಿಡಲಿ, ಮನೆಯವಳೇ ಅಲ್ಲವೇ ಎಂದು ನಂಜಯ್ಯ ಫೋನಿನಲ್ಲಿ ಹೇಳಿಸಿದ. ಮಹದೇವಿ ಹೋದಳು, ಹೊಸ್ತಿಲು ದಾಟಲಿಲ್ಲ. ಸಿಂಧು ಕೂಸನ್ನು ಬೀದಿಗೆ ತಂದು ನನ್ನ ಗಾಡಿಯೊಳಗೆ ಅತ್ತೆಯ ಮಡಿಲಿಗೆ ಹಾಕಿದಳು. ಆ ಬಿಸಿಲಲ್ಲಿ ಸಿಂಧು ತಂದ ನೀರನ್ನೂ ಇವಳು ಕುಡಿಯಲಿಲ್ಲ.

ನಂಜಯ್ಯ ಜಗಲಿಯ ಮೇಲೆ ಎಲೆ ಅಡಿಕೆ ಜಗಿಯುತ್ತ ನಿಂತು ನೋಡುತ್ತಿದ್ದ. ಹೊಟ್ಟೆ ತುಂಬಿತ್ತು, ಮನೆ ಅವನದೇ, ಒಳಗೆ ಪಂಕ್ತಿ ಕೂತಿತ್ತು. ನಾನು ಗಾಡಿ ಸ್ಟಾರ್ಟ್ ಮಾಡಿ, ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿದೆ. ಅವನು ಇಳಿದು ಬರಲಿಲ್ಲ.