ತೊಟ್ಟಿಲಲ್ಲಿ ಮಲಗಿದ ಕಾಡುಗತ್ತಿ

ನಾನು ಹೆದರುಪುಕ್ಕಲ. ಇದನ್ನು ಮೊದಲೇ ಹೇಳಿಬಿಡುವುದು ಕ್ಷೇಮ; ಆಮೇಲೆ ನಿಮಗೇ ಗೊತ್ತಾಗಿ, ನೀವು ನಕ್ಕು, ನಾನು ಪೆಚ್ಚಾಗುವುದಕ್ಕಿಂತ ಇದು ವಾಸಿ. ನಾಯಿ ಬೊಗಳಿದರೆ ರಸ್ತೆಯ ಆ ಬದಿಗೆ ಹೋಗುತ್ತೇನೆ. ಬೊಗಳದೆ ಸುಮ್ಮನೆ ನೋಡುತ್ತಿದ್ದರೆ ಬೇರೆ ರಸ್ತೆಗೇ ಹೋಗುತ್ತೇನೆ. ಕ್ಷೌರದ ಅಂಗಡಿಯಲ್ಲಿ ಕತ್ತಿ ಗಂಟಲ ಹತ್ತಿರ ಬಂದಾಗ ಅಂಗಡಿಯವನ ರಾಜಕೀಯ ಅಭಿಪ್ರಾಯವೆಲ್ಲ ನನ್ನದೂ ಆಗಿರುತ್ತದೆ. ಇಂಥ ನಾನು ಜನ್ಮದಲ್ಲಿ ಒಂದು ಸಲ, ನಾನೇ ಹೋಗಿ, ಹೇಳಿ ಮಾಡಿಸಿ, ಒಂದು ಕತ್ತಿಯನ್ನು ಮನೆಗೆ ತಂದೆ. ಆ ಕತ್ತಿಗೆ ಹೆದರಿದವರಲ್ಲಿ ಮೊದಲನೆಯವನೂ ನಾನೇ.

ಅದು ತುರ್ತು ಪರಿಸ್ಥಿತಿಯ ಕಾಲ. ಯಶವಂತಪುರದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿ ನಾನು ಗುಮಾಸ್ತ. ಮನೆ ಯಲಹಂಕದ ಹಳೇ ಪೇಟೆಯಲ್ಲಿ. ಜೊತೆಯವರು ಕೆಲವರು ಸೇರಿ ಚಾರಣದ ಗುಂಪೊಂದನ್ನು ಕಟ್ಟಿಕೊಂಡಿದ್ದರು. ಭಾನುವಾರ ಬಂತೆಂದರೆ ಬೆಟ್ಟ, ಗುಡ್ಡ, ಸೋಮವಾರ ಕುಂಟು. ಒಮ್ಮೆ ಅವರು ಕಾವೇರಿ ದಡದ ಕಾಡಿಗೆ ಹೊರಟರು, ನೀವೂ ಬನ್ನಿ ಎಂದರು. ಇಲ್ಲ ಎನ್ನುವುದಕ್ಕೂ ಧೈರ್ಯ ಬೇಕು ನೋಡಿ. ಅದೂ ನನ್ನಲ್ಲಿ ಇರಲಿಲ್ಲವಾಗಿ ಹ್ಞೂ ಎಂದುಬಿಟ್ಟೆ.

ಹ್ಞೂ ಎಂದದ್ದೇ ತಡ, ಚಿರತೆಗಳು ಬರತೊಡಗಿದವು. ಊಟಕ್ಕೆ ಕೂತರೆ ಚಿರತೆ, ಲೆಕ್ಕ ಬರೆಯುತ್ತಿದ್ದರೆ ಕರಡಿ. ಕೈಯಲ್ಲೊಂದು ಆಯುಧವಿದ್ದರೆ ವಾಸಿ ಅನ್ನಿಸಿತು. ಮಡಚುವ ಚಾಕು ಅಂಗಡಿಗಳಲ್ಲಿ ಸಿಗುತ್ತಿತ್ತು, ನಿಜ. ಆದರೆ ಸರಿಯಾದ ಹೊತ್ತಿಗೆ ಅದು ಬಿಚ್ಚಿಕೊಳ್ಳದಿದ್ದರೆ? ಬಿಚ್ಚಿಕೊಂಡದ್ದು ನನ್ನ ಬೆರಳ ಮೇಲೇ ಮಡಚಿಕೊಂಡರೆ? ಹೆದರುವವನಿಗೆ ಮಡಚದ ಕತ್ತಿಯೇ ಸೈ ಎಂದು ತೀರ್ಮಾನಿಸಿದೆ.

ಯಶವಂತಪುರದ ಮಂಡಿಯ ಹಿಂದೆ ಬಾಷಾ ಭಾಯಿಯ ಕುಲುಮೆ. ಲಾರಿಗಳ ಮುರಿದ ಕಮಾನು ಪಟ್ಟಿಗಳನ್ನು ಕಾಯಿಸಿ, ಬಡಿದು, ಮಚ್ಚು ಕುಡುಗೋಲು ಮಾಡುತ್ತಿದ್ದ. ಮನೆಯವರೊಂದಿಗೆ ದಖನಿ ಉರ್ದು, ಗಿರಾಕಿಗಳೊಂದಿಗೆ ಕನ್ನಡ, ಮಾತು ಕೇಳದ ಕಬ್ಬಿಣಕ್ಕೆ ಎರಡೂ ಭಾಷೆಯ ಬೈಗುಳ. ಅವನಷ್ಟು ಜಂಬದ ಮನುಷ್ಯನನ್ನು ನಾನು ನೋಡಿಲ್ಲ. ಬೆಂಗಳೂರಿನ ಅರ್ಧ ಮಚ್ಚುಗಳು ತನ್ನವೇ ಎನ್ನುತ್ತಿದ್ದ. ಉಳಿದರ್ಧಕ್ಕೆ ಹರಿತವೇ ಇಲ್ಲವಂತೆ.

“ಯಾರಿಗೆ ಸಾರ್?” ಎಂದು ದನಿ ತಗ್ಗಿಸಿ ಕೇಳಿದ.

“ಅಯ್ಯೋ, ಯಾರಿಗೂ ಅಲ್ಲ ಬಾಷಾ ಭಾಯ್. ಕಾಡಿಗೆ.”

“ಕಾಡಲ್ಲಿ ಏನ್ ಕಡೀತೀರಾ?”

“ಕಡಿಯೋಕಲ್ಲ. ಏನಾದ್ರೂ ಎದುರಿಗೆ ಬಂದ್ರೆ ಅಂತ...”

“ಬಂದ್ರೆ ಓಡ್ಬಿಡಿ ಸಾರ್! ಕೈಯಾಗೆ ಕತ್ತಿ ಇದ್ರೆ ಓಡೋಕೂ ನಾಚ್ಕೆ.”

ಹಾಗೆಂದರೂ ಮಾಡಿಕೊಟ್ಟ. ಗೇಣುದ್ದದ ಅಲಗು, ಅದೇ ಕಬ್ಬಿಣದ ಬಾಲ ಹಿಡಿಯೊಳಗೆ ಕೊನೆಯವರೆಗೂ. ಎರಡು ಕಡೆ ಬೀಟೆಮರದ ಹಿಡಿ, ಹಿತ್ತಾಳೆ ಮೊಳೆ, ಮೇಲೆ ಚರ್ಮದ ಒರೆ. ನನ್ನೆದುರಿಗೇ ತನ್ನ ಮುಂಗೈ ಕೂದಲನ್ನು ಅದರಿಂದ ಬೋಳಿಸಿ ತೋರಿಸಿದ. ಈಸಿಕೊಳ್ಳಲು ಕೈ ಚಾಚಿದರೆ ಕೊಡಲಿಲ್ಲ, ಅಡಿಗಲ್ಲಿನ ಮೇಲಿಟ್ಟ. “ಕೈಗೆ ಕೊಡ್ಬಾರ್ದು ಸಾರ್, ದೋಸ್ತಿ ಕೆಡುತ್ತೆ. ಎತ್ಕೊಳಿ.” ನಮ್ಮಮ್ಮನೂ ಈಳಿಗೆಮಣೆಯನ್ನು ಕೈಯಿಂದ ಕೈಗೆ ಕೊಟ್ಟವಳಲ್ಲ, ನೆಲದ ಮೇಲಿಡುತ್ತಾಳೆ, ಬೇಕಾದವರು ಎತ್ತಿಕೊಳ್ಳಬೇಕು. ಕುಲುಮೆಗೂ ನಮ್ಮ ಅಡುಗೆಮನೆಗೂ ಭಯದ ವಿಷಯದಲ್ಲಿ ಒಂದೇ ಶಾಸ್ತ್ರ.

ಸಂಜೆಯ ಪ್ಯಾಸೆಂಜರ್ ರೈಲಿನಲ್ಲಿ ಅದನ್ನು ಚೀಲದಲ್ಲಿಟ್ಟು, ಮೇಲೆ ದಂಟಿನ ಸೊಪ್ಪು ಮುಚ್ಚಿ ಹೊರಟೆ. ಎದುರಿಗೆ ಬಂದು ಕೂತವರು ಯಾರು ಅಂತೀರಿ, ಒಬ್ಬರು ಪೊಲೀಸಿನವರು! ಸುಮ್ಮಸುಮ್ಮನೆ ಜನರನ್ನು ಹಿಡಿದುಕೊಂಡು ಹೋಗುತ್ತಾರೆ ಎಂದು ಎಲ್ಲರೂ ಪಿಸುಗುಡುತ್ತಿದ್ದ ದಿನಗಳು. ಅವರು ಚೀಲವನ್ನೇ ನೋಡಿದರು. “ಏನ್ ಸ್ವಾಮಿ, ಸೊಪ್ಪು ಒಳ್ಳೇ ಎಳೇದಾಗಿದೆ. ಎಲ್ಲಿ ತಗೊಂಡ್ರಿ?” ಎಂದರು. ನಾನು ಒಂದು ಕಂತೆಯನ್ನು ಎತ್ತಿ ಅವರ ಕೈಗಿಟ್ಟೆ. ಬೇಡ ಬೇಡ ಎಂದರೂ ಕೇಳಲಿಲ್ಲ. ಕಂತೆ ಹೋದ ಮೇಲೆ ಕತ್ತಿಯ ಹಿಡಿ ಒಂದಿಷ್ಟು ಕಾಣತೊಡಗಿತು. ಅದರ ಮೇಲೆ ಕೈಯಿಟ್ಟುಕೊಂಡು, ಯಲಹಂಕದವರೆಗೂ ಬೆವರುತ್ತಾ ಕೂತೆ.

ಕಾಡಿಗೆ ಮಾತ್ರ ಹೋಗಲಿಲ್ಲ. ಆ ವಾರವೇ ನನ್ನ ಹೆಂಡತಿ ಸುಶೀಲೆ ಬಸುರಿಯೆಂದು ತಿಳಿಯಿತು. ಗುಂಪಿನವರಿಗೆ ಮುಖ ಸಪ್ಪಗೆ ಮಾಡಿಕೊಂಡು ಹೇಳಿ, ಮನೆಗೆ ಬಂದು ನಿಟ್ಟುಸಿರು ಬಿಟ್ಟೆ. ಅವರು ಹೋಗಿಬಂದರು. ಕಾಡಿನಲ್ಲಿ ಅವರಿಗೆ ಎದುರಾದ ಅತಿ ಭಯಂಕರ ಪ್ರಾಣಿ ಒಂದು ಹಾಯುವ ಹಸುವಂತೆ.

ಆದರೆ ಚಿರತೆಯ ಭಯ ಹೋದ ಜಾಗಕ್ಕೆ ಬಂದ ಭಯ ತಮಾಷೆಯದಲ್ಲ. ಅದಕ್ಕೆ ಮೊದಲು ಎರಡು ಸಲ ನಮಗೆ ಆಸೆ ಹುಟ್ಟಿ ಕೈತಪ್ಪಿಹೋಗಿತ್ತು. ಇದೂ ಹೋದರೆ ಸುಶೀಲೆ ತಡೆದುಕೊಳ್ಳುತ್ತಾಳೋ ಇಲ್ಲವೋ ಎನ್ನುವುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ, ಎಲ್ಲರೂ ಯೋಚಿಸುತ್ತಿದ್ದ ಮಾತು. ಅವಳಿಗೆ ತಾಯಿಯಿಲ್ಲ, ಬಾಣಂತನ ನಮ್ಮಮ್ಮನದೇ. ಹೆಣ್ಣುಮಗು ಹುಟ್ಟಿತು. ಮುಷ್ಟಿಯಷ್ಟು ಮುಖ. ಅದನ್ನು ಎತ್ತಿಕೊಳ್ಳುವುದಕ್ಕೂ ನನಗೆ ಭಯವಾಗಿ, ಹತ್ತಿರ ಕೂತು ಉಸಿರಾಡುತ್ತಿದೆಯೋ ಇಲ್ಲವೋ ನೋಡುತ್ತಿದ್ದೆ.

ಮಗುವನ್ನು ತೊಟ್ಟಿಲಿಗೆ ಹಾಕಿದ ದಿನ ಅಮ್ಮ, “ತಲೆದೆಸೇಲಿ ಕಬ್ಬಿಣ ಇಡ್ಬೇಕು ಕಣೋ. ಪೀಡೆ ಹತ್ರ ಬರಲ್ಲ” ಎಂದಳು. ನಮ್ಮ ಮನೆಯಲ್ಲಿದ್ದ ಹರಿತವಾದ ಕಬ್ಬಿಣ ಈಳಿಗೆಮಣೆಯೊಂದೇ. ನಮ್ಮ ಹಿರಿಯರು ಬಲು ಜಾಣರು. ಕತ್ತಿ ಓಡಾಡಿದರೆ ಅಪಾಯವೆಂದು ಅದನ್ನು ಮಣೆಗೆ ಬಿಗಿದು, ಮೇಲೆ ಕಾಲಿಟ್ಟು ಕೂತು, ತರಕಾರಿಯನ್ನೇ ಅದರ ಹತ್ತಿರ ಕಳಿಸಿದರು. ಬೇರೆ ಕಡೆ ಕತ್ತಿ ಬದನೆಕಾಯಿಯನ್ನು ಹುಡುಕಿಕೊಂಡು ಹೋಗುತ್ತದೆ. ನಮ್ಮಲ್ಲಿ ಬದನೆಕಾಯಿಯೇ ಬರಬೇಕು. ನನ್ನಂಥವನೊಬ್ಬ ಕಂಡುಹಿಡಿದದ್ದೇ ಇರಬೇಕು ಅದು. ಆದರೆ ತೊಟ್ಟಿಲಲ್ಲಿ ಈಳಿಗೆಮಣೆ ಇಟ್ಟರೆ ಮಗುವಿಗೆ ಜಾಗವೆಲ್ಲಿ? ಅಮ್ಮನಿಗೆ ನನ್ನ ಕಾಡುಗತ್ತಿ ನೆನಪಾಯಿತು.

“ಒರೆ ಸಮೇತ ಇಡಮ್ಮ” ಎಂದೆ.

“ಒರೆ ಹಾಕಿಟ್ರೆ ಪೀಡೆ ಹೆದರೋದು ಹೆಂಗೋ?”

ಪೀಡೆಗೀಡೆಯನ್ನು ನಾನು ನಂಬಿದವನಲ್ಲ. ಆದರೆ ಬಾಷಾ ಭಾಯಿಯ ಮುಂಗೈ ಬೋಳಾದದ್ದನ್ನು ಕಣ್ಣಾರೆ ಕಂಡವನು. ಅಂಥದ್ದರ ಮೇಲೆ ಒಂದು ತೆಳ್ಳನೆಯ ಹಾಸಿಗೆ, ಹಾಸಿಗೆಯ ಮೇಲೆ ನನ್ನ ಮಗಳ ತಲೆ! ಸ್ಟೋರ್ಸಿನಲ್ಲಿ ಕೂತರೂ ಕಣ್ಣೆದುರು ಅದೇ. ಕೊನೆಗೆ ಅಮ್ಮನಿಗೆ ಹೇಳಿ, ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿಗೆ ಅಂಚನ್ನು ಗರಗರ ಉಜ್ಜಿ ಮೊಂಡು ಮಾಡಿದೆ. ಬಾಷಾ ಭಾಯಿ ನೋಡಿದ್ದರೆ ಎರಡೂ ಭಾಷೆಯಲ್ಲಿ ಬೈಯುತ್ತಿದ್ದ. ಅಮ್ಮ ಹೆಬ್ಬೆರಳಲ್ಲಿ ಸವರಿ ನೋಡಿ, “ಇದೇನ್ ಕತ್ತೀನೋ ಸೌಟೋ? ಹೋಗ್ಲಿ, ಕಬ್ಬಿಣ ಕಬ್ಬಿಣಾನೇ” ಎಂದು ಹಾಸಿಗೆಯ ಕೆಳಗೆ ಸೇರಿಸಿದಳು. ಆಮೇಲೆ ನನಗೆ ಸ್ವಲ್ಪ ನಿದ್ದೆ ಬಂತು.

ಮಗುವಿಗೆ ಮೂರನೆಯ ತಿಂಗಳು. ಒಂದು ಭಾನುವಾರ ಬೆಳಗ್ಗೆ ಸುಶೀಲೆ ಕೂಗಿದಳು. “ರೀ, ಬನ್ನಿ ಇಲ್ಲಿ! ಮೈ ಸುಡ್ತಾ ಇದೆ. ಹಾಲೂ ಕುಡೀತಿಲ್ಲ.” ಹೋಗಿ ಮುಟ್ಟಿದೆ. ಕೆಂಡ. ಮಗು ಅಳುತ್ತಿರಲಿಲ್ಲ, ಅದೇ ಹೆಚ್ಚು ಭಯ. ಎದೆಯಲ್ಲಿ ಗೊರಗೊರ, ಅರೆಮುಚ್ಚಿದ ಕಣ್ಣು. ಸುಶೀಲೆ ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಮೊದಲೂ ಎರಡು ಸಲ ಕಂಡಿದ್ದೆ.

ಈಗ ನಾನೇನು ಮಾಡಿದೆ ಕೇಳಿ. ನಾನು ಓದಿದವನು, ವಿಜ್ಞಾನದ ಮಾತಾಡುವವನು, ಅಮ್ಮನ ಪೀಡೆಗೆ ನಕ್ಕವನು. ತೊಟ್ಟಿಲಿಗೆ ಕೈಹಾಕಿ ಕತ್ತಿಯನ್ನು ಎಳೆದುಕೊಂಡು ಹಿತ್ತಲಿಗೆ ಓಡಿದೆ, ಸಾಣೆಕಲ್ಲಿಗೆ ನೀರು ಚಿಮುಕಿಸಿ ಕುಕ್ಕರುಗಾಲಲ್ಲಿ ಕೂತು ಅದನ್ನು ಮಸೆಯತೊಡಗಿದೆ. ತಲೆಯಲ್ಲಿ ಇದ್ದದ್ದು ಒಂದೇ: ನಾನು ಮೊಂಡು ಮಾಡಿದೆ, ಅದಕ್ಕೇ ಬಂತು, ಹರಿತ ಮಾಡಿದರೆ ಹೋಗುತ್ತದೆ. ಏನು ಬಂತು, ಏನು ಹೋಗುತ್ತದೆ, ಯಾರಿಗೆ ಗೊತ್ತು! ಬಾಯಲ್ಲಿ ಮರೆತುಹೋಗಿದ್ದ ದೇವರ ಹೆಸರುಗಳು. ಕತ್ತಿ ಜಾರಿ ಹೆಬ್ಬೆರಳು ಸೀಳಿತು. ರಕ್ತ ಸುರಿದರೂ ನಿಲ್ಲಿಸಲಿಲ್ಲ. ಎಂದೂ ಯಾವ ಕೆಲಸವನ್ನೂ ನಾನು ಅಷ್ಟು ಶ್ರದ್ಧೆಯಿಂದ ಮಾಡಿದವನಲ್ಲ.

ಅಮ್ಮ ಹಿತ್ತಲ ಬಾಗಿಲಿಗೆ ಬಂದಳು. ನನ್ನನ್ನೂ ಕತ್ತಿಯನ್ನೂ ನೋಡಿದಳು.

“ಥೂ ನಿನ್ನ! ಮಗೂನ ಎತ್ಕೊಂಡು ಡಾಕ್ಟ್ರ ಹತ್ರ ಓಡೋದ್ ಬಿಟ್ಟು ಕತ್ತಿ ಮಸೀತಾ ಕೂತಿದ್ದೀಯಲ್ಲೋ! ಏಳೋ ಮೇಲೆ!”

“ಅಮ್ಮ, ನೀನೇ ಹೇಳಿದ್ದಲ್ವಾ, ಪೀಡೆ...”

“ಪೀಡೆ ನೀನೇ ಕಣೋ ಈಗ! ಏಳು, ಗಾಡಿ ತಗೊಂಡ್ಬಾ!”

ಎದ್ದು ಓಡಿದೆ. ಬಜಾರಿನಲ್ಲಿ ಒಂದು ಜಟಕಾ ಸಿಕ್ಕಿತು. ಸುಶೀಲೆ ಮಗುವನ್ನು ಎದೆಗವಚಿಕೊಂಡು ಕೂತಳು, ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದಳು. ಕುದುರೆ ಎಷ್ಟು ಓಡಿದರೂ ನಿಂತಲ್ಲೇ ನಿಂತಂತೆ ಅನ್ನಿಸುತ್ತಿತ್ತು. ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಕೇಳಿ, ಸೂಜಿ ಚುಚ್ಚಿ, ಒದ್ದೆ ಬಟ್ಟೆಯಿಂದ ಮೈ ಒರೆಸಲು ಹೇಳಿದರು. ಆಮೇಲೆ ತಲೆಯೆತ್ತಿ, “ಕಫ ಎದೆಗೆ ಇಳಿದಿದೆ. ಇಷ್ಟು ಹೊತ್ತು ಏನ್ ಮಾಡ್ತಿದ್ರಿ?” ಎಂದು ಗದರಿದರು.

ಅಮ್ಮ ನನ್ನ ಕಡೆ ನೋಡದೆಯೇ, “ಗಾಡಿ ಸಿಗ್ಲಿಲ್ಲಮ್ಮ” ಎಂದಳು.

“ಇವರ ಕೈಗೇನಾಯ್ತು?”

“ತರಕಾರಿ ಹೆಚ್ತಿದ್ದ.”

ಭಾನುವಾರ ತರಕಾರಿ ಹೆಚ್ಚುವ ಗಂಡಸನ್ನು ಡಾಕ್ಟರಮ್ಮ ಮೆಚ್ಚುಗೆಯಿಂದ ನೋಡಿ ಹೊಲಿಗೆ ಹಾಕಿದರು. ನನಗೆ ನೋವು ತಿಳಿಯಲಿಲ್ಲ, ಕಿವಿಯೆಲ್ಲ ಆ ಕಡೆಯ ಮಂಚದ ಮೇಲಿತ್ತು. ಮಧ್ಯಾಹ್ನದ ಹೊತ್ತಿಗೆ ಮಗು ಬಾಯಿಬಿಟ್ಟು ಜೋರಾಗಿ ಅತ್ತಿತು. ಆಮೇಲೆ ಹಾಲು ಕುಡಿಯಿತು. ಸುಶೀಲೆ ಅಳುತ್ತಲೇ ನಕ್ಕಳು. ನಾನು ಹೊರಗೆ ಹೋಗಿ, ಜಟಕಾದವನ ಕುದುರೆಯ ಪಕ್ಕದಲ್ಲಿ ನಿಂತು ಅತ್ತೆ. ಕುದುರೆಗೂ ಹೆದರುವವನು ನಾನು. ಆ ದಿನ ಅದರ ಕತ್ತಿನ ಮೇಲೆ ಕೈಯಿಟ್ಟುಕೊಂಡಿದ್ದೆನಂತೆ.

ಮನೆಗೆ ಬಂದ ಮೇಲೆ ಅಮ್ಮ ಕತ್ತಿಗೆ ಕೊಬ್ಬರಿ ಎಣ್ಣೆ ಸವರಿ, ಒರೆಗೆ ಹಾಕಿ, ಹಳೇ ಸೀರೆಯ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಸೇರಿಸಿದಳು. “ಮಗೂನ ಕಾಯ್ಲಿ ಅಂತ ಇಟ್ರೆ ನಿನ್ನ ಬುದ್ಧೀನೇ ಹೊತ್ಕೊಂಡ್ಹೋಯ್ತಲ್ಲೋ” ಎಂದಳು. ಹಾಗೆಂದು ಅವಳು ಶಾಸ್ತ್ರ ಬಿಟ್ಟಳೇ? ಸಂಜೆ ನೋಡಿದರೆ ತೊಟ್ಟಿಲ ಹಾಸಿಗೆಯ ಕೆಳಗೆ ಒಗ್ಗರಣೆ ಸೌಟು! ಮಗು ತೊಟ್ಟಿಲು ಬಿಡುವವರೆಗೂ ನಮ್ಮ ಸಾರಿಗೆ ಒಗ್ಗರಣೆ ಬಾಣಲೆಯಲ್ಲೇ ಆಯಿತು.

ನಮ್ಮ ದೇವರುಗಳನ್ನು ನೋಡಿ. ಒಂದು ಕೈಯಲ್ಲಿ ಕತ್ತಿ, ತ್ರಿಶೂಲ, ಏನಾದರೊಂದು; ಇನ್ನೊಂದು ಕೈ ಹೆದರಬೇಡ ಎಂದು ಎತ್ತಿರುತ್ತದೆ. ಚಿಕ್ಕಂದಿನಿಂದ ನನ್ನ ಕಣ್ಣು ಮೊದಲು ಹೋಗುತ್ತಿದ್ದದ್ದು ಕತ್ತಿಯ ಕೈಗೆ. ಆ ಭಾನುವಾರದ ನಂತರ ಎತ್ತಿದ ಕೈಯನ್ನೂ ನೋಡುವುದು ಕಲಿತೆ. ಅದರಲ್ಲಿ ಯಾವ ಆಯುಧವೂ ಇರುವುದಿಲ್ಲ. ಸುಶೀಲೆಯ ಬೆನ್ನ ಮೇಲಿದ್ದ ಅಮ್ಮನ ಕೈಯೂ ಬರಿಗೈಯೇ.

ಮಗಳು ಬೆಳೆದಳು. ಹೆದರಿಕೆ ಎನ್ನುವುದನ್ನು ನಾನೊಬ್ಬನೇ ಸಾಕೆನ್ನುವಷ್ಟು ಇಟ್ಟುಕೊಂಡಿದ್ದರಿಂದಲೋ ಏನೋ, ಅವಳ ಪಾಲಿಗೆ ಅದು ಬರಲೇ ಇಲ್ಲ. ಒಂದು ಆಯುಧಪೂಜೆಯ ದಿನ ಟ್ರಂಕು ಕೆದಕಿ ಕತ್ತಿಯನ್ನು ಹೊರಗೆಳೆದಳು. ಅಜ್ಜಿ ಕುಂಕುಮವಿಟ್ಟು, ಇಡೀ ಕಥೆಯನ್ನು, ನನ್ನ ಮಾನ ಉಳಿಸದೆ, ಹೇಳಿದಳು. ಆಮೇಲೆ ಮಾವಿನಕಾಯಿಯ ಕಾಲಕ್ಕೆ, ಊರ ಪಕ್ಕದ ಪುಟ್ಟೇನಹಳ್ಳಿ ಕೆರೆಗೆ ನಾನೂ ಮಗಳೂ ಹಕ್ಕಿ ನೋಡಲು ಹೊರಟಾಗ, ಅಜ್ಜಿ ಉಪ್ಪು ಖಾರದ ಪೊಟ್ಟಣ ಕೊಟ್ಟಳು, ಮೊಮ್ಮಗಳು ಕತ್ತಿ ತೆಗೆದುಕೊಂಡಳು. ಹೇಳಿ ಮಾಡಿಸಿದ ಕಾಡುಗತ್ತಿ ಮೊದಲ ಸಲ ಬಯಲು ಕಂಡದ್ದು ಹೀಗೆ.

ಕೆರೆಯ ಏರಿಯ ಮೇಲೆ ಕೂತೆವು. ಒರೆಯಿಂದ ತೆಗೆದು ನಾನು ಅದನ್ನು ಕಲ್ಲಿನ ಮೇಲಿಟ್ಟೆ, ಅವಳು ಎತ್ತಿಕೊಂಡಳು. ನನ್ನ ಹೆಬ್ಬೆರಳಿನ ಹಳೇ ಗಾಯ ಚುರುಕ್ಕೆಂದಿತು.

“ನಿಧಾನ ಕಣೇ. ಬೆರಳು ನೋಡ್ಕೋ. ಅಯ್ಯೋ, ಹಾಗಲ್ಲ...”

“ಅಪ್ಪ, ನೀನ್ ಸುಮ್ನಿರು. ನೀನ್ ಹೆದರ್ಸಿದ್ರೇನೇ ನನ್ ಕೈ ನಡುಗೋದು.”

ಸುಮ್ಮನಾದೆ. ನನ್ನ ಪಾಲಿಗೆ ಅದು ಚಿರತೆಯ ಎದುರು ನಿಂತಷ್ಟೇ ಕಷ್ಟ. ಕತ್ತಿ ಮಾವಿನಕಾಯಿಯ ಮೇಲೆ ಇಳಿಯಿತು, ಕಾಯಿ ಒಳಗಿನ ಓಟೆ ಸಮೇತ ಎರಡು ಹೋಳಾಯಿತು. ಆ ಭಾನುವಾರ ನಾನು ಬುದ್ಧಿಗೆಟ್ಟು, ರಕ್ತ ಸುರಿಸಿ ಮಸೆದಿದ್ದ ಅಂಚು ಅದು. ಇಷ್ಟು ವರ್ಷ ಕಳೆದರೂ ಹರಿತ ಹಾಗೇ ಇತ್ತು. ಮಗಳು ಕತ್ತಿಯನ್ನು ಕಲ್ಲಿನ ಮೇಲಿಟ್ಟು, ಹೋಳಿಗೆ ಉಪ್ಪು ಖಾರ ಸವರಿ, ಮೊದಲನೆಯದನ್ನು ನನ್ನ ಕೈಗೇ ಕೊಟ್ಟಳು. ಕೆರೆಯ ಏರಿಯ ಮೇಲೆ ನಾನು ಹೆದರಿದ್ದರಲ್ಲಿ ನಿಜವಾದದ್ದು ಒಂದೇ: ಕಾಯಿ ವಿಪರೀತ ಹುಳಿಯಿತ್ತು.