ನಮ್ಮ ಒಲೆಯ ಮೇಲೆ ಅವನ ಹಾಲು

ನಮ್ಮ ಓನರ್ ಅಂಕಲ್ ಗಂಟಲು ಸರಿಮಾಡಿಕೊಳ್ಳುವುದನ್ನು ನಾನು ಎಷ್ಟು ಚೆನ್ನಾಗಿ ಅಣಕಿಸುತ್ತಿದ್ದೆನೆಂದರೆ, ಒಮ್ಮೆ ಮೆಟ್ಟಿಲ ಮೇಲೆ ನಿಂತು ಕೆಮ್ಮಿದಾಗ ಅವರ ಹೆಂಡತಿಯೇ ಒಳಗಿನಿಂದ, "ಬಂದ್ರಾ? ಕೈಕಾಲು ತೊಳ್ಕೊಳಿ, ರೊಟ್ಟಿ ಹಾಕ್ತೀನಿ" ಎಂದಿದ್ದರು. ಎರಡು ಕೆಮ್ಮು, ನಡುವೆ ಒಂದು "ಶಿವಾ", ಕೊನೆಗೆ ಬಾಡಿಗೆಯ ಮಾತು. ಇಷ್ಟೇ ಅದರ ರಾಗ.

ಹಾಗಾಗಿ ಒಂದು ಭಾನುವಾರ ನಮ್ಮ ಬಾಗಿಲಲ್ಲಿ ಆ ಕೆಮ್ಮು ಕೇಳಿದಾಗ ಅಪ್ಪ ಕುರ್ಚಿಯಿಂದಲೇ ಗದರಿದ: "ಸುಮ್ನಿರೋ, ಬೆಳಿಗ್ಗೆ ಬೆಳಿಗ್ಗೆ ನಿನ್ ಆಟ."

ನಾನು ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದೆ. ಬಂದಿದ್ದವರು ನಿಜವಾದ ಅಂಕಲ್ಲೇ.

ಬೆಂಗಳೂರಿನ ಜೆ.ಪಿ. ನಗರಕ್ಕೆ ಅಂಟಿದ ಜರಗನಹಳ್ಳಿಯಲ್ಲಿ ಅವರ ಮನೆಯ ಮೊದಲ ಮಹಡಿಯಲ್ಲಿ ನಾವಿದ್ದೆವು. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮತ್ತು ನಾನು, ಇಬ್ಬರೇ. ನನ್ನದು ಮನೆಯಲ್ಲಿ ಕೂತೇ ಮಾಡುವ ಕೆಲಸ. ಯಾವುದೋ ದೇಶದ ಗಿರಾಕಿಗಳು ಬೈದು ಬರೆದ ಮೇಲ್‌ಗಳಿಗೆ ಇನ್ಯಾವುದೋ ದೇಶದ ಕಂಪನಿಯ ಪರವಾಗಿ ಕ್ಷಮೆ ಕೇಳುವುದು. ಇಡೀ ದಿನ ಮಾಡದ ತಪ್ಪಿಗೆ ಸಾರಿ ಹೇಳಿ ಹೇಳಿ, ಸಂಜೆ ಬೀದಿಯವರನ್ನೆಲ್ಲ ಅಣಕಿಸಿ ಆ ಲೆಕ್ಕ ತೀರಿಸುತ್ತಿದ್ದೆ. ಕಂಪನಿಯಲ್ಲಿ ನನ್ನ ಮುಖ ನೋಡಿದವರು ಯಾರೂ ಇಲ್ಲ. ಅದು ಅವರ ಪುಣ್ಯ.

ಅಪ್ಪನ ಕಣ್ಣಿನ ನರ ಸೊರಗಿ ಕೆಲವು ವರ್ಷಗಳಾಗಿದ್ದವು. ಬೆಳಕು, ನೆರಳು ಬಿಟ್ಟರೆ ಬೇರೇನೂ ತಿಳಿಯುತ್ತಿರಲಿಲ್ಲ. ಆದರೂ ದಿನಾ ಬೆಳಿಗ್ಗೆ ಒಬ್ಬನೇ ಹೋಗಿ ದರ್ಶಿನಿ ಹೋಟೆಲಿನಲ್ಲಿ ಕಾಫಿ ಕುಡಿದು ಬರುತ್ತಿದ್ದ. ಮೆಟ್ಟಿಲಿಳಿದರೆ ಎಡಗಡೆ ಹಿಟ್ಟಿನ ಗಿರಣಿಯ ಗುಂಯ್ ಸದ್ದು. ಅದು ಬೆನ್ನ ಹಿಂದೆ ಬಿದ್ದಿತೆಂದರೆ ಇಸ್ತ್ರಿ ಗಾಡಿಯವನ ರೇಡಿಯೊ. ಅಲ್ಲಿಂದ ಮುಂದೆ ಕನಕಪುರ ರಸ್ತೆಯ ಬಸ್ಸುಗಳು ಉಸ್ಸೆಂದು ನಿಲ್ಲುವುದು ಕೇಳುತ್ತದೆ. ಆ ಉಸ್ಸು ತೀರ ಹತ್ತಿರವಾಗುವ ಮೊದಲೇ ಬಲಕ್ಕೆ ತಿರುಗಿದರೆ ದರ್ಶಿನಿಯ ಲೋಟ ತಟ್ಟೆಗಳ ಗಲಾಟೆ. "ಕೋಲಾದ್ರೂ ಹಿಡ್ಕೋ ಅಪ್ಪ" ಎಂದರೆ, "ಅದು ಕುರುಡ್ರಿಗೆ ಕಣೋ" ಎನ್ನುತ್ತಿದ್ದ. ಅಣಕಿಸುವ ಕಿವಿ ನನಗೆ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಾನು ಅವನ ಕಡೆ ಕೈ ತೋರಿಸುತ್ತಿದ್ದೆ.

ಅಂಕಲ್ ಕುರ್ಚಿಯ ತುದಿಯಲ್ಲಿ ಕೂತರು. ಹಣೆಯ ವಿಭೂತಿ ಇನ್ನೂ ಹಸಿಯಾಗಿತ್ತು.

"ನೋಡಿ ಯಜಮಾನ್ರೇ, ನನ್ ಮಗಳು ಹೇಳ್ತಿದ್ಲು. ಫಾರಿನ್‌ನೋರು ಈಗ ಇಲ್ಲಿಗೇ ಬಂದು ಲ್ಯಾಪ್‌ಟಾಪ್ ಇಟ್ಕೊಂಡು ಅವರೂರಿನ ಕೆಲ್ಸ ಮಾಡ್ತಾರಂತೆ. ಒಂದು ಮಂಚ, ಒಂದು ಮೇಜು, ಏಸಿ ಹಾಕ್ಸಿ ಕೊಟ್ರೆ ನೀವು ಕೊಡೋದರ ಮೂರರಷ್ಟು ಕೊಡಕ್ಕೆ ಒಬ್ಬ ರೆಡಿ ಇದಾನೆ. ಅಂಗಂತ ನಿಮಗೆ ಖಾಲಿ ಮಾಡಿ ಅನ್ನಕ್ಕೆ ನನಗೆ ಬಾಯೇ ಬರಲ್ಲ..."

ಬಾಯಿ ಬಂದೇಬಿಟ್ಟಿತ್ತು.

"ಯಾವಾಗ ಬರ್ತಾನೆ ಅವನು?" ಅಪ್ಪ ಕೇಳಿದ.

"ಮುಂದಿನ ತಿಂಗಳು ಅಂತಿದಾನೆ."

"ಮುಂದಿನ ತಿಂಗಳು ಆಷಾಢ ಅಲ್ವಾ ಸಾರ್?"

ಅಂಕಲ್ ನಮ್ಮ ಗೋಡೆಯ ಕ್ಯಾಲೆಂಡರಿನ ಕಡೆ ತಿರುಗಿದರು. ತಮ್ಮ ಹಾರ್ಡ್‌ವೇರ್ ಅಂಗಡಿಗೆ ಹೊಸ ಪೇಂಟಿನ ಡಬ್ಬ ಇಳಿಸುವುದಕ್ಕೂ ಪಂಚಾಂಗ ನೋಡುವ ಮನುಷ್ಯ. ಆಷಾಢದಲ್ಲಿ ಯಾರೂ ಹೊಸ ಮನೆಗೆ ಕಾಲಿಡುವುದಿಲ್ಲ, ಇದ್ದ ಮನೆಯಿಂದ ಯಾರನ್ನೂ ಎಬ್ಬಿಸುವುದೂ ಇಲ್ಲ. ಅವರೇ ನಮಗೆ ಹತ್ತು ಸಲ ಹೇಳಿದ ಮಾತು.

"ಆಷಾಢ ಕಳೀಲಿ ಸಾರ್, ಆಮೇಲೆ ನೋಡೋಣ" ಎಂದ ಅಪ್ಪ.

ಎರಡು ಕೆಮ್ಮು, ಒಂದು "ಶಿವಾ". ಬಾಡಿಗೆಯ ಮಾತೆತ್ತದೆ ಅಂಕಲ್ ಕೆಳಗಿಳಿದರು.

"ಗೆದ್ವಿ ಕಣೋ" ಎಂದ ಅಪ್ಪ. "ಒಂದ್ ತಿಂಗಳು ಸಿಕ್ತು. ಆ ಫಾರಿನ್‌ನವನೇನು ಕಾಯ್ತಾ ಕೂರ್ತಾನಾ? ಬೇರೆ ಕಡೆ ಹೋಗ್ತಾನೆ." ನಾನೂ ನಂಬಿದೆ. ರಾಹುಕಾಲ ನೋಡುವವರನ್ನೆಲ್ಲ ಆಡಿಕೊಂಡು ನಕ್ಕವನು ನಾನು. ಆ ವಾರ ಮಾತ್ರ ನನ್ನಷ್ಟು ದೊಡ್ಡ ಆಷಾಢ ಭಕ್ತ ಇಡೀ ಜೆ.ಪಿ. ನಗರದಲ್ಲಿ ಇರಲಿಲ್ಲ.

ಆದರೂ ಒಂದು ಕಣ್ಣು ಬೇರೆ ಮನೆಗಳ ಮೇಲಿಟ್ಟೆ. ಇಟ್ಟಮಡುವಿನಲ್ಲಿ ಬ್ರೋಕರ್ ಒಬ್ಬ ಲಿಫ್ಟಿಲ್ಲದ ಮೂರನೇ ಮಹಡಿಗೆ ಹತ್ತಿಸಿ, "ಸಖತ್ ಗಾಳಿ ಗುರು" ಎಂದು ಕಿಟಕಿ ತೆರೆದ. ತೆರೆದರೆ ಪಕ್ಕದ ಮನೆಯ ಗೋಡೆ, ಕೈಗೆ ಎಟಕುವಷ್ಟು ಹತ್ತಿರ. "ಗಾಳಿ ಎಲ್ಲಣ್ಣ?" ಎಂದರೆ, "ಮಧ್ಯಾಹ್ನ ಬರುತ್ತೆ" ಎಂದ, ಗಾಳಿಗೂ ಶಿಫ್ಟ್ ಇರುವಂತೆ. ಮನೆ ಯಾವುದಾದರೂ ಹತ್ತು ತಿಂಗಳ ಅಡ್ವಾನ್ಸ್ ಮಾತ್ರ ಎಲ್ಲೂ ತಪ್ಪುತ್ತಿರಲಿಲ್ಲ. ತಲಘಟ್ಟಪುರದಲ್ಲಿ ಒಂದು ಮನೆ ಕೈಗೆಟಕುವಂತಿತ್ತು. ಆದರೆ ಅಪ್ಪನ ಬೀದಿ ತಪ್ಪುವುದಾದರೆ ತಲಘಟ್ಟಪುರವಾದರೇನು, ಇನ್ನೂ ದೂರವಾದರೇನು?

"ಮಗಾ, ಮನೇಲಿ ಕೂತ್ ಮಾಡೋ ಕೆಲ್ಸ ಇಟ್ಕೊಂಡು ಬೆಂಗ್ಳೂರಲ್ಲಿ ಯಾಕೆ ಸಾಯ್ತೀಯ? ಮೈಸೂರಿಗೆ ಬಾ" ಎಂದ ಅಲ್ಲಿನ ಗೆಳೆಯನೊಬ್ಬ. ಎರಡು ಊರುಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಅಗ್ಗ ಎಂದು ಹೇಳುವ ವೆಬ್‌ಸೈಟುಗಳಿವೆ. ಅವನ್ನು ನೋಡಿ ನಾನೂ ಒಂದು ಪಟ್ಟಿ ಮಾಡಿ ಅಪ್ಪನಿಗೆ ಟೀವಿಯಲ್ಲಿ ವಾರ್ತೆ ಓದುವ ಹೆಂಗಸಿನ ದನಿಯಲ್ಲಿ ಓದಿದೆ. ಬಾಡಿಗೆ, ಮೈಸೂರು ಅರ್ಧ. ಅಡ್ವಾನ್ಸ್, ಮೈಸೂರು ಸಲೀಸು. ಆಟೊ, ತರಕಾರಿ, ಕಣ್ಣಿನ ಡಾಕ್ಟರು, ಎಲ್ಲದರಲ್ಲೂ ಮೈಸೂರೇ ಮುಂದೆ. "ಇನ್ನು ನೆಮ್ಮದಿ. ಗಿರಣಿಯಿಲ್ಲ, ಬಸ್ಸಿಲ್ಲ, ಬಡಾವಣೆಯಲ್ಲಿ ಒಂದು ನರಪಿಳ್ಳೆಯ ಸದ್ದೂ ಇಲ್ಲ. ಮೈಸೂರಿಗೆ ಹತ್ತಕ್ಕೆ ಹತ್ತು!"

"ಗಿರಣಿ ಇಲ್ವಾ?" ಎಂದ ಅಪ್ಪ.

"ಗಿರಣಿ ಯಾಕಪ್ಪ? ಪ್ಯಾಕೆಟ್ ಹಿಟ್ಟು ತರೋಣ."



ಆಷಾಢಕ್ಕೆ ಮುಂಚಿನ ಕೊನೆಯ ಒಳ್ಳೆಯ ದಿನ ಮತ್ತೆ ಕೆಮ್ಮು ಕೇಳಿತು. ಈ ಸಲ ಅಂಕಲ್ ಒಬ್ಬರೇ ಬಂದಿರಲಿಲ್ಲ. ಆಂಟಿಯ ಕೈಯಲ್ಲಿ ಹೊಸ ಪಾತ್ರೆ, ಹಾಲಿನ ಪ್ಯಾಕೆಟ್, ಅರಿಶಿನ ಕುಂಕುಮದ ಬಟ್ಟಲು. ಅವರ ಹಿಂದೆ ಬಾಗಿಲಿಗಿಂತ ಎತ್ತರದ ಬಿಳಿಯ ಹುಡುಗ, ಹೆಚ್ಚುಕಡಿಮೆ ನನ್ನದೇ ವಯಸ್ಸು.

"ತಪ್ಪು ತಿಳ್ಕೋಬೇಡಿ ಯಜಮಾನ್ರೇ. ಐನೋರನ್ನ ಕೇಳ್ದೆ. ಇವತ್ತು ಹಾಲುಕ್ಕಿಸಿಬಿಟ್ರೆ ಇವನು ಮನೆಗೆ ಬಂದಂಗೇ ಲೆಕ್ಕ ಅಂದ್ರು. ಆಮೇಲೆ ಸಾಮಾನು ಯಾವತ್ ತಂದ್ರೂ ದೋಷ ಇಲ್ವಂತೆ. ನೀವು ಹೊರಡಕ್ಕೂ ಆಷಾಢದ ಅಡ್ಡಿ ಇಲ್ಲ ಅಂದ್ರು."

"ಹಾಲು ಎಲ್ಲಿ ಉಕ್ಕಿಸ್ತೀರ ಸಾರ್?" ಎಂದ ಅಪ್ಪ.

"ಇಲ್ಲೇ. ನಿಮ್ ಒಲೆ ಇದೆಯಲ್ಲ."

ಆಂಟಿ ನನ್ನ ಸಾರಿನ ಪಾತ್ರೆಯನ್ನು ಪಕ್ಕಕ್ಕಿಟ್ಟು, ನಮ್ಮ ಒಲೆ ಒರೆಸಿ ಕುಂಕುಮ ಇಟ್ಟರು. ಹುಡುಗನ ಕೈಯಲ್ಲೇ ಗ್ಯಾಸ್ ಹಚ್ಚಿಸಿದರು. ಹಾಲು ಮೇಲೆದ್ದಾಗ ಅವನು ಗಾಬರಿಯಾಗಿ ಆರಿಸಲು ಹೋದ. ಆಂಟಿ ಅವನ ಕೈ ಹಿಡಿದರು: "ಅಯ್ಯೋ ಬಿಡಪ್ಪ, ಉಕ್ಲಿ! ಉಕ್ಕೋದೇ ಬೇಕಿರೋದು." ಹಾಲು ಉರಿಯ ಮೇಲೆ ಚೊಂಯ್ ಎಂದಿತು. ನಡುಮನೆಯ ಕುರ್ಚಿಯಲ್ಲಿ ಅಪ್ಪ ಆ ಸದ್ದಿನ ಕಡೆಗೆ ಮುಖ ತಿರುಗಿಸಿದ.

ಸಕ್ಕರೆ ಬೆರೆಸಿ ನಮ್ಮದೇ ಲೋಟಗಳಲ್ಲಿ ಎಲ್ಲರಿಗೂ ಹಂಚಿದರು. ಹಿರಿಯ ಎಂದು ಮೊದಲ ಲೋಟ ಅಪ್ಪನಿಗೆ. ನೆಂಟನ ಹಾಗೆ ಎರಡೂ ಕೈಯಲ್ಲಿ ಹಿಡಿದು ಕುಡಿದ. "ಒಳ್ಳೇದಾಗ್ಲಿ ಕಣಪ್ಪ" ಎಂದ, ಹುಡುಗ ಎಲ್ಲಿದ್ದಾನೆಂದು ಸರಿಯಾಗಿ ತಿಳಿಯದೆ ಸ್ವಲ್ಪ ಗೋಡೆಯ ಕಡೆಗೆ.

ಹುಡುಗ ಕೆಟ್ಟವನಾಗಿರಲಿಲ್ಲ. ಆಗಿದ್ದರೆ ಆಮೇಲೆ ಆಡಿಕೊಳ್ಳಲು ಒಂದು ದನಿಯಾದರೂ ಸಿಗುತ್ತಿತ್ತು. ತನ್ನ ಊರಿನಲ್ಲಿ ಬಾಡಿಗೆ ಕಟ್ಟಲಾಗದೆ ಬಂದೆ ಎಂದು ಫೋನ್ ತೋರಿಸಿದ. ಅಕ್ಕಪಕ್ಕ ಎರಡು ಊರು, ಅವನದು ಮತ್ತು ಬೆಂಗಳೂರು. ನಾನು ನೋಡಿದ್ದ ಅದೇ ವೆಬ್‌ಸೈಟು. ಇಲ್ಲಿ ಎಲ್ಲ ಎಷ್ಟು ಅಗ್ಗ ಎಂದ. ನಾನು ತಲೆಯಾಡಿಸಿದೆ. ಅವನ ಊರು ಅವನನ್ನು ಎಬ್ಬಿಸಿತು, ಅವನು ನನ್ನನ್ನು. ಮೈಸೂರಿನಲ್ಲಿ ನಾನು ಯಾರ ಒಲೆಯ ಮೇಲೆ ಹಾಲಿಡಲಿದ್ದೇನೋ, ಅದು ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅಪ್ಪ ಎದ್ದು ಅವನಿಗೆ ಮನೆ ತೋರಿಸಿದ. ಗೋಡೆ ಸವರುತ್ತ ಮುಂದೆ ಮುಂದೆ ಅಪ್ಪ, ಹಿಂದೆ ಅವನು, ನಡುವೆ ಇಂಗ್ಲಿಷ್ ಮಾಡುತ್ತ ನಾನು. ಬಚ್ಚಲ ಬಾಗಿಲಲ್ಲಿ ತಲೆ ಬಗ್ಗಿಸು. ಅಡುಗೆಮನೆಯ ಹೊಸ್ತಿಲು ಎತ್ತರ. ಕೊನೆಗೆ ಬಾಗಿಲಲ್ಲಿ ನಿಂತು, "ಅವನಿಗೆ ಹೇಳು. ಕೆಳಗಿಳಿದ್ರೆ ಗಿರಣಿ ಎಡಗಡೆ ಇರ್ಬೇಕು. ರೇಡಿಯೊ ದಾಟಿ, ಬಸ್ಸಿನ ಸದ್ದು ಜೋರಾಗೋ ಮುಂಚೆ ಬಲಕ್ಕೆ ತಿರುಗ್ಬೇಕು. ಅಲ್ಲಿ ಕಾಫಿ ಚೆನ್ನಾಗಿರುತ್ತೆ."

ಹೇಳಿದೆ. ಹುಡುಗ ನಕ್ಕು, ತಾನು ಹೊರಗೆ ಹೋಗುವಾಗ ಹೆಡ್‌ಫೋನ್ ಹಾಕಿಕೊಂಡಿರುತ್ತೇನೆ, ಕಾಫಿಯನ್ನು ಫೋನಿನಲ್ಲೇ ತರಿಸಿಕೊಳ್ಳುತ್ತೇನೆ ಎಂದ.

"ಏನಂತೆ?" ಎಂದ ಅಪ್ಪ.

"ಬಂದ ದಿನಾನೇ ಹೋಗ್ತೀನಿ ಅಂದ."

ಅವರೆಲ್ಲ ಹೋದ ಮೇಲೆ ಲೋಟಗಳನ್ನು ನಾನೇ ತೊಳೆದೆ.

ಮೈಸೂರಿಗೆ ನಾವು ಆಷಾಢದ ನಡುವೆಯೇ ಬಂದೆವು. ಮನೆ ನಾನು ಬರೆದುಕೊಂಡಂತೆಯೇ ಇದೆ. ದೊಡ್ಡದು, ಅಗ್ಗ, ಮುಂದೆ ಅಗಲ ರಸ್ತೆ. ಮೊದಲ ದಿನ ಅಪ್ಪ ಗೇಟಿನ ತನಕ ಹೋಗಿ ತುಂಬ ಹೊತ್ತು ನಿಂತ. ನೆಮ್ಮದಿಗೆ ಹತ್ತಕ್ಕೆ ಹತ್ತು ಕೊಟ್ಟಿದ್ದೆನಲ್ಲ, ಅದು ಅಲ್ಲಿ ಪೂರ್ತಿ ಇತ್ತು. ಎಡಕ್ಕೂ ಏನೂ ಇಲ್ಲ, ಬಲಕ್ಕೂ ಏನೂ ಇಲ್ಲ. ಗೇಟು ಹಿಡಿದೇ ಹಿಂದೆ ತಿರುಗಿದ, ಒಳಗೆ ಬಂದು ಕುರ್ಚಿಯಲ್ಲಿ ಕೂತ. ಅಲ್ಲಿಂದೀಚೆಗೆ ಒಬ್ಬನೇ ಗೇಟು ದಾಟಿಲ್ಲ. ನಾನು ಕೈ ಹಿಡಿದು ಕರೆದುಕೊಂಡು ಹೋದರೆ ಬರುತ್ತಾನೆ, ಕಾಫಿ ಕುಡಿಯುತ್ತಾನೆ, ಚೆನ್ನಾಗಿದೆ ಎನ್ನುತ್ತಾನೆ. ಕೋಲು ತಂದುಕೊಟ್ಟೆ. ಈ ಸಲ ಬೇಡವೆನ್ನಲಿಲ್ಲ. ಬಾಗಿಲ ಹಿಂದೆ ನಿಲ್ಲಿಸಿದ್ದಾನೆ.

ಬಂದ ದಿನ ಹಾಲುಕ್ಕಿಸಲು ಹೋದೆ. "ಆಷಾಢದಲ್ಲಿ ಬೇಡ. ಕಾಫಿಗೆ ಇಡು ಸಾಕು" ಎಂದ. ಶ್ರಾವಣ ಬಂತು, ಹೋಯಿತು. ಕೇಳಿದಾಗಲೆಲ್ಲ "ನೋಡೋಣ ಬಿಡು" ಎನ್ನುತ್ತಾನೆ. ಈ ಮನೆಗೆ ನಾವು ಇನ್ನೂ ಬಂದೇ ಇಲ್ಲ, ಅವನ ಲೆಕ್ಕದಲ್ಲಿ.

ಸಂಜೆ ಕೆಲಸ ಮುಗಿದ ಮೇಲೆ ಅವನಿಗಾಗಿ ಗಿರಣಿಯಾಗುತ್ತೇನೆ, ಉಸ್ಸೆನ್ನುವ ಬಸ್ಸಾಗುತ್ತೇನೆ. ಗಿರಣಿ ಸ್ವಲ್ಪ ತೆಳ್ಳಗಾಯಿತು ಎಂದು ತಿದ್ದುತ್ತಾನೆ. ಮೊನ್ನೆ ಅವನ ಹಿಂದೆ ನಿಂತು ಎರಡು ಸಲ ಕೆಮ್ಮಿದೆ, ನಡುವೆ "ಶಿವಾ" ಸೇರಿಸಿ. ಸುಮ್ನಿರೋ ಎನ್ನುತ್ತಾನೆಂದು ಕಾದೆ.

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತ. "ಆಷಾಢ ಕಳೀಲಿ ಸಾರ್" ಎಂದ, "ಆಮೇಲೆ ನೋಡೋಣ."

ಅಂಕಲ್ಲಿನ ದನಿ ನನ್ನ ಗಂಟಲಲ್ಲಿತ್ತು. ಅವರಾಗಿದ್ದರೆ ಮುಂದೆ "ಹಾಲುಕ್ಕಿಸಿಬಿಟ್ರೆ ಬಂದಂಗೇ ಲೆಕ್ಕ" ಎನ್ನುತ್ತಿದ್ದರೆಂದು ನನಗೆ ಗೊತ್ತಿತ್ತು. ಹೇಳದೆ ಒಳಗೆ ಹೋಗಿ ಕಾಫಿಗೆ ಹಾಲಿಟ್ಟೆ. ಉಕ್ಕುವ ಮೊದಲೇ ಆರಿಸಿದೆ.